‘ಹುಲಿ ಸಿಕ್ಕಿತಾ?’

ಕಾಡಿಗೆ ಹೋಗಿ ಬಂದ ಮರುದಿನ ಬ್ಯಾಂಕಿನ ಕೌಂಟರಿನಲ್ಲಿ ಕುಳಿತರೆ ಸಾಕು, ಪರಿಚಯದ ಗ್ರಾಹಕರು ಪಾಸ್‌ಬುಕ್ ಮುಂದಿಡುವ ಮೊದಲೇ ಕೇಳುತ್ತಾರೆ: “ಏನು ಮೇಡಂ, ಹುಲಿ ಸಿಕ್ಕಿತಾ?” ಪಕ್ಕದ ಮೇಜಿನವರು ಕೇಳುವುದೂ ಅದನ್ನೇ, ಮನೆಯಲ್ಲಿ ಅತ್ತೆ ಕೇಳುವುದೂ ಅದನ್ನೇ. ಇಲ್ಲ ಎಂದರೆ, ಮತ್ತೆ ಏನು ನೋಡಿದಿರಿ ಎನ್ನುತ್ತಾರೆ. ಜಿಂಕೆ, ಕಡವೆ, ಕಾಟಿ (ಕಾಡೆಮ್ಮೆ), ಮುಸಿಯ (ಕರಿಮೂತಿಯ ಕೋತಿ) ಎಂದು ಹೇಳುತ್ತಾ ಹೋದಂತೆ ಅವರ ಮುಖ ಸಪ್ಪಗಾಗುತ್ತದೆ. “ಓ, ಬರೀ ಜಿಂಕೆಯಾ!” ಎಂದು ಮಾತು ಮುಗಿಸುತ್ತಾರೆ. ಅದರಲ್ಲಿ ಕೊಂಕು ಇರುವುದಿಲ್ಲ. ನನ್ನ ದುಡ್ಡು, ನನ್ನ ಎರಡು ದಿನದ ರಜೆ ದಂಡವಾಯಿತಲ್ಲ ಎಂಬ ಕನಿಕರವೇ ಇರುತ್ತದೆ. ಆದರೂ ಆ ‘ಬರೀ’ ಎನ್ನುವ ಮಾತು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ಕೌಂಟರಿನಲ್ಲಿ ನಿಂತವರ ಹಿಂದೆ ಸಾಲು ಇರುತ್ತದೆ, ವಿವರಿಸಲು ಆಗುವುದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಹುಲಿಯನ್ನು ನಾನು ನೋಡಿಲ್ಲವೆಂದಲ್ಲ. ಕೆಲವು ವರ್ಷಗಳ ಹಿಂದೆ ಒಮ್ಮೆ ನೋಡಿದ್ದೇನೆ. ಏಳೆಂಟು ವಾಹನಗಳು ಒಂದರ ಬೆನ್ನಿಗೊಂದು ಬಂದು ನಿಂತಿದ್ದವು, ಎಲ್ಲರೂ ಎದ್ದು ನಿಂತಿದ್ದರು, ಯಾರೋ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ‘ಅಲ್ಲಿ, ಅಲ್ಲಿ’ ಎಂದು ಕೂಗುತ್ತಿದ್ದರು. ಇಬ್ಬರ ಭುಜಗಳ ನಡುವಿನ ಸಂದಿಯಲ್ಲಿ ಒಂದು ಬಾಲ ಲಂಟಾನದ ಪೊದೆಯೊಳಗೆ ಇಳಿದು ಮರೆಯಾಯಿತು. ಸಂತೋಷವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ನನ್ನನ್ನು ಮತ್ತೆ ಮತ್ತೆ ಕಾಡಿಗೆ ಎಳೆಯುವುದು ಆ ಬಾಲವಲ್ಲ.

2024ರ ಮಾರ್ಚ್ ತಿಂಗಳ ಕೊನೆಯ ಶನಿವಾರ, ಭಾನುವಾರ ನಾವು ನಾಲ್ವರು ಗೆಳತಿಯರು ಕಬಿನಿಗೆ ಹೋಗಿದ್ದೆವು. ಮೈಸೂರಿನ ಹಾಸ್ಟೆಲ್ಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ಈಗ ಎಲ್ಲರ ಮಕ್ಕಳೂ ಕಾಲೇಜಿಗೆ ಬಂದಿದ್ದಾರೆ, ನಮಗೆ ಒಂದಿಷ್ಟು ಬಿಡುವು ಸಿಗತೊಡಗಿದೆ. ಮೈಸೂರಿನಿಂದ ಹೆಗ್ಗಡದೇವನಕೋಟೆ, ಅಲ್ಲಿಂದ ಅಂತರಸಂತೆ, ದಮ್ಮನಕಟ್ಟೆ. ದಾರಿಯುದ್ದಕ್ಕೂ ತಂಬಾಕು ಹದಮಾಡುವ ಬ್ಯಾರನ್‌ಗಳು, ಹಿಂದಿನ ವರ್ಷ ಮಳೆ ಕೈಕೊಟ್ಟಿದ್ದರಿಂದ ಬಿರುಕು ಬಿಟ್ಟ ಹೊಲಗಳು. ಕಾಡಿನ ಅಂಚಿಗೆ ಬಂದ ಹಾಗೆ ಆನೆ ಕಂದಕ, ಸೋಲಾರ್ ಬೇಲಿ. ಬೇಲಿಯ ಈಚೆ ಬದಿಯಲ್ಲಿ ಬದುಕುವವರಿಗೆ ‘ಹುಲಿ ಸಿಕ್ಕಿತಾ’ ಎನ್ನುವ ಮಾತಿನ ಅರ್ಥವೇ ಬೇರೆ. ಕೊಟ್ಟಿಗೆಯ ಹಸು ಕಾಣೆಯಾದ ಬೆಳಿಗ್ಗೆ ಅವರು ಹುಲಿಯನ್ನು ನೆನೆಯುತ್ತಾರೆ. ಅದನ್ನು ಮರೆತು ಕಾಡಿನ ಬಗ್ಗೆ ಬರೆಯಲು ನನಗೆ ಮನಸ್ಸಾಗುವುದಿಲ್ಲ.

ಶನಿವಾರ ಸಂಜೆಯ ಸಫಾರಿಯಲ್ಲಿ ಹಿನ್ನೀರಿನ ದಡಕ್ಕೆ ಹೋದೆವು. ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆಲ್ಲ ದಡದ ಹಸಿ ಮಣ್ಣಿನಲ್ಲಿ ಎಳೆಯ ಹುಲ್ಲು ಚಿಗುರುತ್ತದೆ. ಸುತ್ತಲಿನ ಕಾಡೆಲ್ಲ ಒಣಗಿ ತರಗೆಲೆಯಾಗಿರುವಾಗ ಹಸಿರು ಉಳಿಯುವುದು ಇಲ್ಲೇ. ಹಾಗಾಗಿ ನಾಗರಹೊಳೆ, ಬಂಡೀಪುರ, ವಯನಾಡು ಕಡೆಯ ಆನೆಗಳು ಇಲ್ಲಿ ಬಂದು ಸೇರುತ್ತವೆ. ಅಂದು ಒಂದೇ ನೋಟಕ್ಕೆ ಮೂವತ್ತಕ್ಕೂ ಹೆಚ್ಚು ಆನೆಗಳನ್ನು ಎಣಿಸಿದೆವು. ಒಂದು ಹೆಣ್ಣಾನೆ ಹುಲ್ಲಿನ ಬುಡವನ್ನು ಮುಂಗಾಲಿನ ಉಗುರಿನಿಂದ ಒದ್ದು ಸಡಿಲ ಮಾಡಿ, ಸೊಂಡಿಲಿನಲ್ಲಿ ಸುತ್ತಿ ಕಿತ್ತು, ಬೇರಿನ ಮಣ್ಣು ಉದುರುವವರೆಗೆ ಕಾಲಿಗೆ ಬಡಿದು ಆಮೇಲೆ ಬಾಯಿಗಿಟ್ಟುಕೊಳ್ಳುತ್ತಿತ್ತು. ಪಕ್ಕದಲ್ಲಿದ್ದ ಮರಿಗೆ ಒದೆಯುವುದು ಬರುತ್ತಿತ್ತು, ಕೀಳಲು ಆಗುತ್ತಿರಲಿಲ್ಲ. ತಾಯಿಯ ಬಾಯಿಗೆ ಸೊಂಡಿಲು ಹಾಕಿ ಕಸಿದುಕೊಳ್ಳುತ್ತಿತ್ತು.

ಇಷ್ಟನ್ನೆಲ್ಲ ನೋಡಿ ಹಿಂದಿರುಗುವಾಗ ನಮ್ಮಲ್ಲೇ ಒಬ್ಬಳು, ಮೊದಲ ಸಲ ಬಂದವಳು, ನಿಟ್ಟುಸಿರಿಟ್ಟು ಹೇಳಿದಳು: “ನಾಳೆಯಾದರೂ ಹುಲಿ ಕಾಣಲಿ ಕಣೇ. ಇವತ್ತು ಬರೀ ಆನೆ, ಜಿಂಕೆಯಲ್ಲೇ ಮುಗಿಯಿತು.”

ಅಂದು ರಾತ್ರಿ ಊಟವಾದ ಮೇಲೆ ಅವಳಿಗೆ ನಾನು ಹೇಳಿದ ಲೆಕ್ಕವನ್ನೇ ಇಲ್ಲಿ ಹೇಳುತ್ತೇನೆ. ನಾಗರಹೊಳೆಯಲ್ಲಿ ದಶಕಗಳ ಕಾಲ ಹುಲಿಗಳ ಅಧ್ಯಯನ ಮಾಡಿದ, ಕ್ಯಾಮೆರಾಗಳಲ್ಲಿ ಸೆರೆಯಾದ ಪಟ್ಟೆಗಳ ಗುರುತಿನಿಂದ ಹುಲಿಗಳನ್ನು ಎಣಿಸುವ ವಿಧಾನವನ್ನು ರೂಪಿಸಿದ ಕೆ. ಉಲ್ಲಾಸ ಕಾರಂತರು ವಿವರಿಸಿರುವ ಲೆಕ್ಕ ಅದು. ಒಂದು ಹುಲಿ ಬದುಕಲು ವರ್ಷಕ್ಕೆ ಜಿಂಕೆ ಗಾತ್ರದ ಸುಮಾರು 50 ಪ್ರಾಣಿಗಳು ಬೇಕು. ಆ 50 ಪ್ರಾಣಿಗಳು ಹೋದರೂ ಹಿಂಡು ಕರಗದೆ ಉಳಿಯಬೇಕಾದರೆ ಅದರ ಸುತ್ತ ಸುಮಾರು 500 ಗೊರಸಿನ ಪ್ರಾಣಿಗಳಿರಬೇಕು. ಬ್ಯಾಂಕಿನವಳಾದ ನನಗೆ ಇದು ತಟ್ಟನೆ ಅರ್ಥವಾಗುತ್ತದೆ. 500 ಅಸಲು, 50 ಬಡ್ಡಿ. ಹುಲಿ ಬಡ್ಡಿಯಲ್ಲಿ ಜೀವನ ಸಾಗಿಸುತ್ತದೆ. ಅಸಲಿಗೆ ಕೈ ಬಿದ್ದ ದಿನ ಹುಲಿಯ ದಿನಗಳೂ ಮುಗಿದವು.

ಅಸಲಿಗೆ ಕೈ ಬೀಳುವುದು ನಮ್ಮ ಕಡೆಯಿಂದಲೇ. ಜಿಂಕೆಗೂ ಕಾಡುಹಂದಿಗೂ ಇಟ್ಟ ಉರುಳು ಹಿಂಡನ್ನು ಕರಗಿಸುತ್ತದೆ, ಎಷ್ಟೋ ಸಲ ಹುಲಿಯ ಕೊರಳಿಗೂ ಬೀಳುತ್ತದೆ. ಲಂಟಾನ ಹಬ್ಬಿದ ಕಡೆ ಹುಲ್ಲು ಏಳುವುದಿಲ್ಲ, ಹುಲ್ಲಿಲ್ಲದ ಕಡೆ ಜಿಂಕೆ ನಿಲ್ಲುವುದಿಲ್ಲ. ಮರಗಳೆಲ್ಲ ಹಾಗೇ ಇದ್ದು, ನೋಡುವವರ ಕಣ್ಣಿಗೆ ದಟ್ಟ ಕಾಡಾಗಿಯೇ ಕಂಡು, ಒಳಗೆ ಒಂದು ಹುಲಿಗೂ ಅನ್ನವಿಲ್ಲದ ಕಾಡುಗಳು ನಮ್ಮ ದೇಶದಲ್ಲಿ ಬೇಕಾದಷ್ಟಿವೆ. 2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳ ಸಂಖ್ಯೆ 563 ಎಂದು ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಸಂಖ್ಯೆಯನ್ನು ಹೊತ್ತು ನಿಂತಿರುವುದು ನಾವು ಕ್ಯಾಮೆರಾ ಕೆಳಗಿಳಿಸಿ ‘ಮುಂದೆ ಹೋಗೋಣ’ ಎನ್ನುವ ಈ ಜಿಂಕೆಗಳೇ. ಸಂಜೆ ನಾವು ದಡದಲ್ಲಿ ಕಂಡ ಹಿಂಡುಗಳಲ್ಲಿ ಒಂದೊಂದಕ್ಕೂ ಅರವತ್ತು, ಎಪ್ಪತ್ತು ಜಿಂಕೆಗಳಿದ್ದವು. ಕಾಡಿನ ಠೇವಣಿ ಭದ್ರವಾಗಿದೆ ಎಂದು ಸಮಾಧಾನಪಟ್ಟುಕೊಂಡು ಮಲಗಿದೆ.

ಭಾನುವಾರ ಬೆಳಿಗ್ಗೆ ಆರೂಕಾಲಿಗೆಲ್ಲ ಜೀಪು ಗೇಟು ದಾಟಿತು. ಚಾಲಕರು ಜೇನುಕುರುಬ ಬುಡಕಟ್ಟಿನವರು, ಅವರ ಅಜ್ಜನ ಹಾಡಿ, ಅಂದರೆ ಅವರ ಜನರ ವಸತಿ, ಇದೇ ಕಾಡಿನೊಳಗೆ ಇತ್ತಂತೆ. ಆ ಜಾಗದ ಹತ್ತಿರ ಬಂದಾಗ ಏನೂ ಹೇಳದೆ ವೇಗ ತಗ್ಗಿಸಿದರು, ದಾಟಿದ ಮೇಲೆ ಒಂದೇ ಮಾತಿನಲ್ಲಿ ಹೇಳಿದರು. ಅವರು ಪ್ರಾಣಿಗಳನ್ನು ಹುಡುಕಿಕೊಂಡು ದಾರಿದಾರಿ ಓಡಿಸುವವರಲ್ಲ. ನೇರವಾಗಿ ಒಂದು ಕೆರೆಯ ಬಳಿಗೆ ತಂದು, ಎಂಜಿನ್ ಆರಿಸಿ, ಕೈಕಟ್ಟಿ ಕುಳಿತರು. ಸಫಾರಿಗೆ ಹೊರಟವರು ನನ್ನನ್ನು ಸಲಹೆ ಕೇಳಿದರೆ ಇದೊಂದನ್ನೇ ಹೇಳುತ್ತೇನೆ: ಚಾಲಕರನ್ನು ಅವಸರಪಡಿಸಬೇಡಿ, ನಿಲ್ಲಿಸಿದಲ್ಲಿ ನಿಲ್ಲಿ.

ಕೆರೆಯ ಏರಿಯ ಮೇಲೊಂದು ದೊಡ್ಡ ಮತ್ತಿ ಮರ. ತೊಗಟೆ ಮೊಸಳೆಯ ಬೆನ್ನಿನ ಹಾಗೆ ಒಡೆದಿತ್ತು. ಅದರ ಆಚೆಗೆ ಎಲೆಯಿಲ್ಲದ ಮುತ್ತುಗ, ಕೊಂಬೆಗಳಲ್ಲಿ ಕೊನೆಯ ಕೆಂಪು ಹೂಗಳು. ಮರಗಳಲ್ಲಿ ಹತ್ತು ಹನ್ನೆರಡು ಮುಸಿಯಗಳು ಕುಳಿತು ತಿನ್ನುತ್ತಿದ್ದವು. ಮುಸಿಯ ಅರ್ಧ ತಿಂದು ಅರ್ಧ ಬೀಳಿಸುವ ಪ್ರಾಣಿ. ಬೀಳಿಸಿದ್ದನ್ನು ತಿನ್ನಲು ಬುಡದಲ್ಲಿ ಜಿಂಕೆಗಳು ಸೇರಿದ್ದವು. ಮೇಲಿನವರಿಗೆ ದೂರದವರೆಗೆ ಕಣ್ಣು, ಕೆಳಗಿನವರಿಗೆ ಮೂಗು, ಕಿವಿ. ಹಾಗಾಗಿ ಈ ಎರಡರ ಸ್ನೇಹ ಊಟಕ್ಕಷ್ಟೇ ಅಲ್ಲ, ಕಾವಲಿಗೂ ಆಗುತ್ತದೆ. ಕೊಂಬಿಗೆ ಒಣಹುಲ್ಲು ಸಿಕ್ಕಿಸಿಕೊಂಡ ಒಂದು ಗಂಡು ಜಿಂಕೆ ಬೆದೆಯ ಹುರುಪಿನಲ್ಲಿ ಹಿಂಡಿನ ಸುತ್ತ ತಿರುಗುತ್ತಿತ್ತು.

ಏಳು ಗಂಟೆ ಆಗಿರಬಹುದು. ನಮ್ಮಲ್ಲೊಬ್ಬಳು ಏನೋ ಪಿಸುಗುಟ್ಟಿದಳು. ಚಾಲಕರು ತಿರುಗದೆಯೇ ಕೈ ಎತ್ತಿ ತಡೆದರು. “ಮಾತು ಬೇಡ ಮೇಡಂ. ಮುಸಿಯ ಎತ್ತ ನೋಡುತ್ತಿದೆ ನೋಡಿ.”

ಮತ್ತಿಯ ತುದಿಯಲ್ಲಿದ್ದ ಮುಸಿಯದ ದವಡೆ ನಿಂತಿತ್ತು. ಕೈಯಲ್ಲಿದ್ದ ಎಲೆ ಕೈಯಲ್ಲೇ ಉಳಿದಿತ್ತು. ಅದು ಕೆರೆಯ ಬಲಕ್ಕಿದ್ದ ಲಂಟಾನದ ಮೆಳೆಯ ಕಡೆ ಕತ್ತು ಚಾಚಿ, ಕೆಮ್ಮಿದ ಹಾಗೆ ಗಡುಸಾಗಿ ‘ಖಕ್, ಖಕ್’ ಎಂದಿತು. ಕೆಳಗೆ ಅಷ್ಟೂ ತಲೆಗಳು ಒಂದೇ ಸಲಕ್ಕೆ ಎದ್ದವು. ಅಷ್ಟೂ ಕಿವಿಗಳು ಆ ಮೆಳೆಯ ಕಡೆ ತಿರುಗಿದವು. ಬಾಲಗಳು ಮೇಲೆದ್ದು ಅಡಿಯ ಬಿಳುಪು ಕಂಡಿತು. ನಮಗೆ ಅತ್ಯಂತ ಹತ್ತಿರವಿದ್ದದ್ದು ಒಂದು ಮುದಿ ಹೆಣ್ಣು ಜಿಂಕೆ. ಎಡಗಿವಿಯ ತುದಿ ಹರಿದಿತ್ತು. ಅದು ಮುಂಗಾಲನ್ನು ಮಡಚಿ ಎತ್ತಿತು, ಕ್ಷಣ ಹಿಡಿಯಿತು, ನೆಲಕ್ಕೆ ಕುಟ್ಟಿತು. ಮತ್ತೆ ಎತ್ತಿತು, ಮತ್ತೆ ಕುಟ್ಟಿತು. ಪ್ರತಿ ಸಲವೂ ಭುಜದ ಚರ್ಮ ಸಣ್ಣಗೆ ನಡುಗುತ್ತಿತ್ತು, ಚುಕ್ಕೆಗಳು ಕದಲುತ್ತಿದ್ದವು. ಆಮೇಲೆ ಸೀಟಿ ಊದಿದ ಹಾಗೆ ಚುರುಕಾಗಿ ಕೂಗಿತು.

ಕೂಗಿತು, ಆದರೆ ಓಡಲಿಲ್ಲ. ನನಗೆ ಇಂದಿಗೂ ಬೆರಗಾಗುವುದು ಇಲ್ಲೇ. ಕಂಡ ಹುಲಿಗೆ ಜಿಂಕೆ ಅಷ್ಟು ಹೆದರುವುದಿಲ್ಲ. ಹೊಂಚು ಹಾಕುವ ಹುಲಿಗೆ ಮರೆಯೇ ಬಲ. ‘ನಿನ್ನನ್ನು ನೋಡಿದ್ದೇನೆ’ ಎಂದು ತಿಳಿಸಿಬಿಟ್ಟರೆ ಅದರ ಅರ್ಧ ಬೇಟೆ ಕೆಟ್ಟಂತೆ. ಹಾಗಾಗಿ ಅಷ್ಟು ಸಣ್ಣ ಕಾಲುಗಳ ಆ ಪ್ರಾಣಿ ಅಲ್ಲೇ ನಿಂತು, ಕಾಲು ಕುಟ್ಟಿ, ಹಿಂಡಿಗೆಲ್ಲ ಕೇಳುವಂತೆ ಸಾರುತ್ತಿತ್ತು. ಮೆಳೆಯ ಆಳದಿಂದ ಒಂದೇ ಒಂದು ಸಲ ಕಡವೆಯ ಕೂಗು ಬಂತು, ತಗಡಿನ ಡಬ್ಬಕ್ಕೆ ಬಡಿದಂತೆ, ‘ಢಾಂಕ್’. ಚಾಲಕರು ಎರಡು ಬೆರಳೆತ್ತಿ ತೋರಿಸಿದರು. ಜಿಂಕೆ, ಮುಸಿಯ ಒಮ್ಮೊಮ್ಮೆ ಸುಮ್ಮನೆ ಬೆದರುವುದುಂಟು, ಕಡವೆ ಹಾಗೆ ಕೂಗುವುದು ಅಪರೂಪ ಎಂದು ಆಮೇಲೆ ವಿವರಿಸಿದರು.

ಇಪ್ಪತ್ತು ನಿಮಿಷ ಹಾಗೇ ಕುಳಿತೆವು. ನನ್ನ ಪಕ್ಕದಲ್ಲಿದ್ದವಳು ನಿನ್ನೆ ನಿಟ್ಟುಸಿರಿಟ್ಟಿದ್ದವಳೇ. ನನ್ನ ಮುಂಗೈಯನ್ನು ಹಿಡಿದ ಹಿಡಿತ ಸಡಿಲಿಸಲೇ ಇಲ್ಲ. ಮೆಳೆಯಿಂದ ಯಾವುದೂ ಹೊರಗೆ ಬರಲಿಲ್ಲ. ನಿಧಾನವಾಗಿ ಮುಸಿಯದ ದವಡೆ ಆಡತೊಡಗಿತು. ಒಂದೊಂದೇ ತಲೆ ಹುಲ್ಲಿಗೆ ಇಳಿಯಿತು. ಹರಿದ ಕಿವಿಯ ಮುದಿ ಜಿಂಕೆ ಎಲ್ಲಕ್ಕಿಂತ ಕೊನೆಗೆ ತಲೆ ಬಗ್ಗಿಸಿತು.

ಬಂದ ದಾರಿಯಲ್ಲೇ ಹಿಂದಿರುಗಿದೆವು. ಕೆರೆಯಿಂದ ಒಂದು ತಿರುವು ದಾಟಿದ ಮೇಲೆ ಚಾಲಕರು ಬ್ರೇಕ್ ಹಾಕಿ ಬಾನೆಟ್ಟಿನ ಮುಂದಿನ ಮಣ್ಣನ್ನು ತೋರಿಸಿದರು. ಹೋಗುವಾಗ ನಮ್ಮ ಚಕ್ರಗಳು ಬಿಟ್ಟ ಗೆರೆಗಳು ಧೂಳಿನಲ್ಲಿ ಹಾಗೇ ಇದ್ದವು. ಬಲಗೆರೆಯ ಮೇಲೆ, ಟೈರಿನ ಹೂವನ್ನು ಅಳಿಸಿ, ಒಂದು ಹೆಜ್ಜೆ ಮೂಡಿತ್ತು. ನಾಲ್ಕು ಬೆರಳು, ಹಿಂದೆ ಅಗಲವಾದ ಅಂಗಾಲು, ಉಗುರಿನ ಗುರುತಿಲ್ಲ. ಅಂಚಿನ ಧೂಳು ಇನ್ನೂ ಕುಸಿದಿರಲಿಲ್ಲ. ನಾವು ದಾಟಿದ ಮೇಲೆ, ನಾವು ಕೆರೆಯ ಬಳಿ ಉಸಿರು ಬಿಗಿಹಿಡಿದು ಕುಳಿತಿದ್ದ ಹೊತ್ತಿನಲ್ಲಿ, ಅದು ಇಲ್ಲಿ ದಾರಿ ದಾಟಿ ಹೋಗಿತ್ತು.

ನಾಲ್ವರೂ ಜೀಪಿನ ಅಂಚಿಗೆ ಬಗ್ಗಿ ನೋಡಿದೆವು. ಯಾರೂ ಮೊಬೈಲ್ ತೆಗೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಚಾಲಕರು ಗಾಡಿಯನ್ನು ಎರಡು ಮಾರು ಹಿಂದಕ್ಕೆ ತೆಗೆದು, ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ ಒತ್ತಿ, ಚಕ್ರ ಆ ಹೆಜ್ಜೆಯ ಮೇಲೆ ಹರಿಯದಂತೆ ದಾರಿಯ ಪಕ್ಕದ ಒಣಹುಲ್ಲಿನ ಮೇಲಿಂದ ನಡೆಸಿಕೊಂಡು ಹೋದರು.