ಇಲ್ಲಿದ್ದೀನಿ, ಇಲ್ಲಿಲ್ಲ

“ಇಲ್ಲಿ ನಾನಿದ್ದೀನಿ. ಇಲ್ಲಿ ಇಲ್ಲ.” ಗಾಯಕಿ ಒಂದು ಹೆಜ್ಜೆ ಎಡಕ್ಕೆ ಸರಿದು ಹೀಗಂದಾಗ ಸಭಾಂಗಣದ ಮ್ಯಾನೇಜರ್ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ವಾರವಿಡೀ ಅದೇ ಮಾತು ತಲೆಯಲ್ಲಿ ಸುತ್ತುತ್ತಿದೆ.

ವೇದಿಕೆ ಚಿಕ್ಕದು. ಹಾಡುವವರಿಗೆ ತಮ್ಮ ದನಿ ತಮಗೇ ಕೇಳಲೆಂದು ಅವರತ್ತ ತಿರುಗಿಸಿಡುವ ಸ್ಪೀಕರ್ ಬಾಕ್ಸ್‌ಗಳು, ಅಂದರೆ ಹಳೆಯ 15 ಇಂಚಿನ ಮಾನಿಟರ್‌ಗಳು, ಕುಳಿತು ನುಡಿಸುವವರ ಕೈಗಳನ್ನೇ ಮರೆಮಾಡುತ್ತವೆ ಅಂತ ಮುಂದಿನ ಸಾಲಿನವರ ದೂರು. ಹಾಗಾಗಿ ಪುಟ್ಟ ಬಾಕ್ಸ್ ಆರಿಸುವ ಕೆಲಸ. ಮ್ಯಾನೇಜರ್ ಕೈಯಲ್ಲಿ ಕಂಪನಿಯ ಹಾಳೆ, ಕಣ್ಣು ವ್ಯಾಟ್ ಅಂಕಣ ಬಿಟ್ಟು ಕದಲಲಿಲ್ಲ. “ಇದು ಸಾವಿರ ವ್ಯಾಟ್, ಸಾಲದಾ?” ಕೆಟ್ಟವರಲ್ಲ, ಖರ್ಚಿಗೆ ಲೆಕ್ಕ ಒಪ್ಪಿಸಬೇಕಾದವರು. ಆದರೂ ಪ್ರೇಕ್ಷಕರ ಕುರ್ಚಿಯಲ್ಲಿ ಕೂತು ಮಾನಿಟರ್‌ಗೆ ತಲೆದೂಗುವುದೆಂದರೇನು? ಅದು ಅವರಿಗೆ ಬೆನ್ನು ತೋರಿಸಿಕೊಂಡಿರುವ ಬಾಕ್ಸ್!

500 ವ್ಯಾಟ್ ಹೋಗಿ ಸಾವಿರವಾದರೆ ಹೆಚ್ಚುವುದು ಬರೀ 3 ಡೆಸಿಬಲ್. ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ 97 ಡೆಸಿಬಲ್ ಕೊಡುವ 500 ವ್ಯಾಟಿನ ಬಾಕ್ಸ್, 93 ಕೊಡುವ ಸಾವಿರ ವ್ಯಾಟಿನದಕ್ಕಿಂತ ಲೆಕ್ಕದಲ್ಲೇ ಒಂದು ಡೆಸಿಬಲ್ ಮುಂದೆ. ಹೇಳಿದೆ. ಅವರು ಹಾಳೆ ಮಡಚಿಟ್ಟುಕೊಂಡರು, ಅಷ್ಟೇ.

ಗಾಯಕಿ ಮತ್ತೆ ಬಲಕ್ಕೆ ಬಂದರು. “ಈಗ ಬಂದೆ ನೋಡಿ.” ಮತ್ತೆ ಎಡಕ್ಕೆ. “ಹೋದೆ.”

ಸೌಂಡ್ ನೋಡಿಕೊಳ್ಳುವ ಹುಡುಗ ಮಾತಿಲ್ಲದೆ ಹೋಗಿ ಬಾಕ್ಸ್ ಪಕ್ಕ ಮಂಡಿಯೂರಿದ. ಸ್ಟ್ಯಾಂಡ್ ಮೇಲೆ ನೆಟ್ಟಗೆ ನಿಲ್ಲಿಸಲು ಮಾಡಿದ ಬಾಕ್ಸನ್ನು ಮಗ್ಗುಲಿಗೆ ಮಲಗಿಸಿದ್ದರು. ಮೇಲೆ ಕೆಳಗೆ ಇರಬೇಕಾದ, ಏರು ಸ್ವರ ನುಡಿಸುವ ಹಾರ್ನ್ ಮತ್ತು ತಗ್ಗು ಸ್ವರ ನುಡಿಸುವ ವೂಫರ್ ಅಕ್ಕಪಕ್ಕ ಬಂದಿದ್ದವು. ಎರಡೂ ಸೇರಿ ನುಡಿಯುವ ಜಾಗ, ಸುಮಾರು 2 ಕಿಲೋಹರ್ಟ್ಸ್ ಅನ್ನಿ, ಅಲ್ಲಿ ಅಲೆಯ ಉದ್ದ 17 ಸೆಂಟಿಮೀಟರ್. ಕಿವಿಗೆ ಒಂದರ ದೂರಕ್ಕಿಂತ ಇನ್ನೊಂದರದ್ದು ಅದರರ್ಧದಷ್ಟು ಹೆಚ್ಚಾದರೆ ಸಾಕು, ಒಂದನ್ನೊಂದು ನುಂಗಿಬಿಡುತ್ತವೆ. ಮಾತಿನ ಅಕ್ಷರ ಸ್ಪಷ್ಟವಾಗುವುದೇ ಆ ಸುತ್ತಮುತ್ತಲಿನ ಕಂಪನಗಳಲ್ಲಿ. ಆಕೆ ಒಂದೇ ಹೆಜ್ಜೆಯಲ್ಲಿ ಮಾಯವಾಗುತ್ತಿದ್ದುದು ಹೀಗೆ.

ಹುಡುಗ ಆಮೇಲೆ 10 ಇಂಚಿನ ಕೋ-ಆಕ್ಸಿಯಲ್ ಬಾಕ್ಸ್ ತಂದಿಟ್ಟ. ಇದರಲ್ಲಿ ಹಾರ್ನ್ ವೂಫರ್‌ನ ನಟ್ಟನಡುವೆ ಕೂತಿರುತ್ತದೆ. ಎಡಕ್ಕೆ ಸರಿದರೂ ಬಲಕ್ಕೆ ಸರಿದರೂ ಎರಡರ ದೂರ ಹೆಚ್ಚುಕಮ್ಮಿ ಒಂದೇ. ಗಾಯಕಿ ಹಾಡುತ್ತಲೇ ಹೆಜ್ಜೆ ಹಾಕಿದರು, ಏನೂ ಅನ್ನಲಿಲ್ಲ. ಹುಡುಗ ಮೈಕನ್ನೂ ಬದಲಿಸಿದ. ಮೊದಲಿನದು ಸೂಪರ್‌ಕಾರ್ಡಿಯಾಯ್ಡ್, ಆ ಬಗೆಯ ಮೈಕಿಗೆ ಸದ್ದು ತೀರಾ ಕಡಿಮೆ ಕೇಳುವ ಕಿವುಡು ಮೂಲೆ ಮುಂದಿನಿಂದ ಸುಮಾರು 125 ಡಿಗ್ರಿ ಆಚೆ. ನೇರ ಹಿಂದೆ ಅದಕ್ಕೆ ಸ್ವಲ್ಪ ಕೇಳಿಸುತ್ತದೆ, ಮಾನಿಟರ್ ಇದ್ದದ್ದೂ ಅಲ್ಲೇ. ಕಿವುಡು ಮೂಲೆ ನೇರ ಹಿಂದೆಯೇ ಇರುವ ಕಾರ್ಡಿಯಾಯ್ಡ್ ಮೈಕ್ ಹಾಕಿದ್ದೇ ತಡ, ಬಾಕ್ಸಿನ ಸದ್ದು ಮತ್ತೆ ಮೈಕಿಗೇ ಹೊಕ್ಕು ಕುಂಯ್‌ಗುಡುವ ಫೀಡ್‌ಬ್ಯಾಕ್ ಅಡಗಿತು. ಈ ಹುಡುಗನ ಸಂಬಳ ಎಷ್ಟೋ, ಕೇಳಲು ಮನಸ್ಸಾಗಲಿಲ್ಲ.

ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ಡ್ 1911ರಲ್ಲೇ ಬರೆದಿದ್ದ: ಗದ್ದಲದಲ್ಲಿ ಮನುಷ್ಯ ತನಗೇ ಗೊತ್ತಿಲ್ಲದೆ ದನಿ ಏರಿಸುತ್ತಾನೆ. ವೇದಿಕೆಯಲ್ಲಿ ತನ್ನ ದನಿ ಕೇಳದ ಗಾಯಕಿ ಗಂಟಲು ಹರಿದುಕೊಳ್ಳುತ್ತಾಳೆ, ಕೆಳಗೆ ಕೂತವರು “ಇವತ್ತು ಏನು ಕಿರುಚಾಟವಪ್ಪ” ಅನ್ನುತ್ತಾರೆ. ಮನೆಯಲ್ಲಿ, ಮೀಟಿಂಗ್‌ನಲ್ಲಿ ಕೂಗಾಡುವವರೆಂದು ನಾವು ಹಣೆಪಟ್ಟಿ ಹಚ್ಚಿದವರಲ್ಲಿ ಎಷ್ಟು ಜನಕ್ಕೆ ತಾವು ಆಡಿದ್ದು ತಮಗೆ ತಿರುಗಿ ಕೇಳುತ್ತಿತ್ತೋ. ನಮ್ಮ ಮ್ಯಾನೇಜರ್ ಕೂಡ ಜೋರು ಬಾಯಿಯವರೇ. ಅವರ ಮೇಲಿನವರು ಅವರ ಮಾತನ್ನು ಎಂದಾದರೂ ಕಿವಿಗೆ ಹಾಕಿಕೊಂಡಿದ್ದಾರೆಯೇ ಅಂತ ಮೊದಲ ಬಾರಿಗೆ ಅನುಮಾನ ಬಂತು.

ಕೋ-ಆಕ್ಸಿಯಲ್ ಬಾಕ್ಸ್‌ಗಳನ್ನೇ ಬರೆದುಕೊಟ್ಟಿದ್ದೇನೆ. ಡ್ರಮ್ಮರ್‌ಗೆ ಮಾತ್ರ ಹಳೆಯ 15 ಇಂಚಿನದೊಂದು ಇರಲಿ ಅಂದಿದ್ದೇನೆ. ಕಿಕ್ ಡ್ರಮ್ಮಿನ ಗುದ್ದು ಪುಟ್ಟ ಬಾಕ್ಸಿನಿಂದ ಏಳುವುದಿಲ್ಲ, ಹೇಗೂ ಅವನು ಹಿಂದೆ ಕೂರುವವನು, ಬಾಕ್ಸ್ ಯಾರಿಗೂ ಅಡ್ಡ ಬರುವುದಿಲ್ಲ.