ಬಿಲ್ಲು ಘಟಕದ ಸೊನ್ನೆ

ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ ಟೊಮೆಟೊ ಆವಕ ಏರುವ ಮೊದಲೇ, ಮಂಡಿಗಳ ಲೆಕ್ಕಪತ್ರಕ್ಕಾಗಿ ನಮ್ಮ ಸಣ್ಣ ತಂಡ ಬರೆದ ತಂತ್ರಾಂಶದ ಹೊಸ ಆವೃತ್ತಿಯ ಪರೀಕ್ಷೆ ಮುಗಿಯಬೇಕಿತ್ತು. ಲಾಟ್ ದಾಖಲೆ, ಹರಾಜು, ತೂಕ, ಬಿಲ್ಲು, ಮೊಬೈಲ್ ಸಂದೇಶ ಎಂದು ಅದರಲ್ಲಿ ಐದು ಘಟಕಗಳಿವೆ. ಐದೂ ಜಾವಾದಲ್ಲಿ ಬರೆದವು. ಪರೀಕ್ಷಾ ಪರಿಸರದಲ್ಲಿ ಬೇರೆ ಬೇರೆ ಡಾಕರ್ ಕಂಟೇನರ್‌ಗಳಲ್ಲಿ, ಅಂದರೆ ಪ್ರೋಗ್ರಾಂ ಒಂದನ್ನು ಉಳಿದವುಗಳಿಂದ ಬೇರೆಯಾಗಿ ಓಡಿಸುವ ಆವರಣಗಳಲ್ಲಿ, ಓಡುತ್ತವೆ. ಕೋಡಿನ ಸಣ್ಣ ತುಣುಕುಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸುವ ಯೂನಿಟ್ ಟೆಸ್ಟ್‌ಗಳ ಕವರೇಜ್ (ಪರೀಕ್ಷೆಯಲ್ಲಿ ಕೋಡಿನ ಎಷ್ಟು ಭಾಗ ಓಡಿತು ಎಂಬ ಅಳತೆ) ಪ್ರತಿ ಬಿಲ್ಡ್‌ನಲ್ಲೂ ಸಿಗುತ್ತಿತ್ತು. ಆದರೆ ನಮ್ಮ ಪರೀಕ್ಷಕಿ ಪರದೆಯ ಮುಂದೆ ಕುಳಿತು, ಮಂಡಿಯ ಗುಮಾಸ್ತರಂತೆಯೇ ಚೀಟಿ ಹಿಡಿದು ನಡೆಸುವ ಪರೀಕ್ಷೆಗಳು ಕೋಡಿನ ಯಾವ ಸಾಲುಗಳನ್ನು ಮುಟ್ಟುತ್ತವೆ, ಯಾವುದನ್ನು ಮುಟ್ಟುವುದಿಲ್ಲ ಎಂಬುದಕ್ಕೆ ನಮ್ಮಲ್ಲಿ ಯಾವ ಆಧಾರವೂ ಇರಲಿಲ್ಲ. ಅದಕ್ಕಾಗಿ ಐದೂ ಘಟಕಗಳಿಗೆ, ಜಾವಾ ಕೋಡಿನ ಕವರೇಜ್ ಅಳೆಯುವ ಜಾಕೊಕೊ ಎಂಬ ಸಾಧನದ ಏಜೆಂಟ್ ಜೋಡಿಸುವ ಕೆಲಸವನ್ನು ನಾನು ಕೈಗೆತ್ತಿಕೊಂಡೆ.

ಈ ಏಜೆಂಟ್‌ಗಾಗಿ ಮೂಲ ಕೋಡನ್ನು ಬದಲಿಸಬೇಕಾಗಿಲ್ಲ. ಜಾವಾ ಯಂತ್ರವು ಕ್ಲಾಸ್ (ಜಾವಾ ಕೋಡಿನ ಒಂದು ತುಣುಕು) ಒಂದನ್ನು ಲೋಡ್ ಮಾಡುವಾಗ ಏಜೆಂಟ್ ಅದರ ಬೈಟ್‌ಕೋಡಿನೊಳಗೆ, ಅಂದರೆ ಯಂತ್ರ ಓದುವ ರೂಪದೊಳಗೆ, ಅಲ್ಲಲ್ಲಿ ಪ್ರೋಬ್‌ಗಳೆಂಬ ಗುರುತುಕಲ್ಲುಗಳನ್ನು ಸೇರಿಸುತ್ತದೆ. ಕೋಡು ಆ ದಾರಿಯಲ್ಲಿ ಓಡಿದರೆ ಆ ಪ್ರೋಬ್‌ನ ಗುರುತು ಬೀಳುತ್ತದೆ. ಎಷ್ಟು ಸಲ ಓಡಿತು ಎಂಬುದನ್ನು ಅದು ಎಣಿಸುವುದಿಲ್ಲ, ಓಡಿತೋ ಇಲ್ಲವೋ ಎಂಬುದಷ್ಟೇ ದಾಖಲಾಗುತ್ತದೆ. ಈ ದಾಖಲೆಯನ್ನು ಹೊರತೆಗೆಯುವ ಬಗೆ ಯಾವುದು ಎಂಬುದು ಮೊದಲ ಪ್ರಶ್ನೆಯಾಗಿತ್ತು. ಏನನ್ನೂ ಹೇಳದಿದ್ದರೆ ಏಜೆಂಟ್, ಜಾವಾ ಪ್ರಕ್ರಿಯೆ ಕ್ರಮವಾಗಿ ಮುಗಿಯುವಾಗ ಒಂದು ಫೈಲಿಗೆ ಬರೆಯುತ್ತದೆ. ನಮ್ಮ ಕಂಟೇನರ್‌ಗಳಲ್ಲಿ ಇದು ನಡೆಯುವಂತಿರಲಿಲ್ಲ. ಕಂಟೇನರನ್ನು ನಿಲ್ಲಿಸುವ ಡಾಕರ್ ಸ್ಟಾಪ್ ಆಜ್ಞೆ ಮೊದಲು ಮುಕ್ತಾಯದ ಸಂಕೇತ ಕಳಿಸಿ, 10 ಸೆಕೆಂಡು ಕಾದು, ಆಮೇಲೆ ಬಲವಂತವಾಗಿ ಕೊಲ್ಲುತ್ತದೆ. ನಮ್ಮಲ್ಲಿ ಜಾವಾವನ್ನು ಹೊರಡಿಸುವುದು ಒಂದು ಶೆಲ್ ಸ್ಕ್ರಿಪ್ಟ್ ಆದ್ದರಿಂದ ಸಂಕೇತ ಆ ಸ್ಕ್ರಿಪ್ಟಿನಲ್ಲೇ ನಿಂತುಬಿಡುತ್ತದೆ, ಜಾವಾ ಏನನ್ನೂ ಬರೆಯದೆ ಸಾಯುತ್ತದೆ. ಹಾಗಾಗಿ ಏಜೆಂಟನ್ನು ಜಾಲದ ಮೂಲಕ ಬರುವ ಕರೆಗೆ ಉತ್ತರಿಸುವ ಟಿಸಿಪಿ ಸರ್ವರ್ ಆಗಿ ನಿಲ್ಲಿಸಿ, 6300ನೇ ಪೋರ್ಟಿನಲ್ಲಿ ಬೇಕೆಂದಾಗ ದತ್ತಾಂಶ ಕೇಳಿ ಪಡೆಯುವ ಬಗೆಯನ್ನು ಆರಿಸಿಕೊಂಡೆವು. ತಾನಾಗಿ ಬಿಟ್ಟರೆ ಅದು ತನ್ನದೇ ಯಂತ್ರದೊಳಗಿನ ಕರೆಗಳನ್ನು ಮಾತ್ರ ಕೇಳಿಸಿಕೊಳ್ಳುತ್ತದೆ. ಹೊರಗಿನಿಂದ ತಲುಪಬೇಕಾದರೆ ವಿಳಾಸವನ್ನು ಬಿಡಿಸಿ ಹೇಳಬೇಕು. ಆ ಪೋರ್ಟಿಗೆ ಗುರುತಿನ ತಪಾಸಣೆ ಎಂಬುದೇ ಇಲ್ಲ, ತಲುಪಿದವರೆಲ್ಲರಿಗೂ ಅದು ಉತ್ತರ ಕೊಡುತ್ತದೆ. ಆದ್ದರಿಂದ ಪರೀಕ್ಷಾ ಜಾಲದ ಆಚೆಗೆ ಅದನ್ನು ತೆರೆಯಲೇಬಾರದೆಂದು ನಾನು ಹಟ ಹಿಡಿದೆ.

ಏಜೆಂಟಿನ ಆಯ್ಕೆಗಳನ್ನು ಜಾವಾ ಟೂಲ್ ಆಪ್ಷನ್ಸ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ ಇಟ್ಟರೆ ಇಮೇಜನ್ನು (ಕಂಟೇನರ್ ಹೊರಡುವ ಮೂಲ ಅಚ್ಚು) ಮತ್ತೆ ಕಟ್ಟುವ ತೊಂದರೆಯಿಲ್ಲ. ನಾಲ್ಕು ಘಟಕಗಳು ಹಾಗೆಯೇ ಎದ್ದವು. ತೂಕದ ಘಟಕ ಮಾತ್ರ ಎದ್ದ ಸ್ವಲ್ಪ ಹೊತ್ತಿಗೆ ಅಸ್ವಸ್ಥ ಎಂಬ ಹಣೆಪಟ್ಟಿ ಹೊತ್ತು ನಿಂತಿತು. ಅದರ ಆರೋಗ್ಯ ತಪಾಸಣೆಗೆಂದು ಕಂಟೇನರಿನೊಳಗೇ ಒಂದು ಪುಟ್ಟ ಜಾವಾ ಪ್ರೋಗ್ರಾಂ ಆಗಾಗ ಓಡುತ್ತಿತ್ತು. ವೇರಿಯಬಲ್ ಒಳಗಿನ ಎಲ್ಲ ಜಾವಾ ಪ್ರಕ್ರಿಯೆಗಳಿಗೂ ಅನ್ವಯಿಸುವುದರಿಂದ ಆ ಪುಟ್ಟ ಪ್ರೋಗ್ರಾಂ ಸಹ ತನ್ನದೊಂದು ಏಜೆಂಟನ್ನು ಎಬ್ಬಿಸಿ, ಅದೇ 6300ನ್ನು ಹಿಡಿಯಲು ಹೋಗಿ, ಪೋರ್ಟ್ ಖಾಲಿಯಿಲ್ಲವೆಂದು ಅಲ್ಲೇ ಕುಸಿಯುತ್ತಿತ್ತು. ತೂಕದ ಘಟಕಕ್ಕೆ ಮಾತ್ರ ವೇರಿಯಬಲ್ ತೆಗೆದು, ಮುಖ್ಯ ಪ್ರಕ್ರಿಯೆಯ ಆಜ್ಞೆಯಲ್ಲೇ ಏಜೆಂಟನ್ನು ಬರೆದೆ.

ಹರಾಜಿನ ಘಟಕಕ್ಕೆ ಒಂದೇ ಹೆಸರಿನ ಹಿಂದೆ ಎರಡು ಪ್ರತಿಗಳಿದ್ದವು. ಆ ಹೆಸರಿನಲ್ಲಿ ಕೇಳಿದರೆ ಒಮ್ಮೆ ಇದರ ದತ್ತಾಂಶ, ಇನ್ನೊಮ್ಮೆ ಅದರದು. ಪ್ರತಿಯೊಂದನ್ನೂ ಅದರದೇ ವಿಳಾಸದಲ್ಲಿ ಕೇಳಿ, ಆಮೇಲೆ ಎರಡನ್ನೂ ಬೆಸೆದದ್ದಾಯಿತು.

ಮಧ್ಯಾಹ್ನದ ಹೊತ್ತಿಗೆ ಐದೂ ಘಟಕಗಳ ಮುಂದೆ ಸಂಪರ್ಕ ಸಿಕ್ಕಿದೆ ಎಂಬ ಹಸಿರು ಗುರುತು ಬಂದಿತ್ತು, ಬಹಳ ಜನ ಇಲ್ಲಿಗೇ ಕೆಲಸ ಮುಗಿಯಿತೆಂದು ಕೈ ತೊಳೆದುಕೊಳ್ಳುತ್ತಾರೆ. ಸಂಪರ್ಕದ ಗುರುತನ್ನು ನಂಬಿ ಕೂರುವುದು, ಮುಚ್ಚಳ ತೆಗೆಯದೆ ಟೊಮೆಟೊ ಬಾಕ್ಸ್ ಎಣಿಸಿ ಮಾಲು ಚೆನ್ನಾಗಿದೆ ಎನ್ನುವಂಥದ್ದು. ಪರೀಕ್ಷಕಿ ಒಂದು ಸುತ್ತು ಪರೀಕ್ಷೆ ನಡೆಸಿದ ಮೇಲೆ ವರದಿ ತೆಗೆದರೆ, ಹತ್ತಾರು ಬಿಲ್ಲುಗಳು ಕಣ್ಣೆದುರೇ ಮುದ್ರಣವಾಗಿದ್ದರೂ ಬಿಲ್ಲು ಘಟಕದ ಕವರೇಜ್ ಸೊನ್ನೆ ಎಂದಿತ್ತು. ಪಡೆದ ಫೈಲಿನೊಳಗೆ ಇಣುಕಿ ನೋಡಿದರೆ ಬಿಲ್ಲು ಘಟಕದ ಕ್ಲಾಸುಗಳ ಹೆಸರುಗಳೆಲ್ಲ ಸರಿಯಾಗಿಯೇ ಇದ್ದವು. ವರದಿ ಕಟ್ಟುವಾಗ ಬಂದಿದ್ದ ಎಚ್ಚರಿಕೆಯ ಸಾಲು ಉಳಿದ ಸಾಲುಗಳ ನಡುವೆ ಹೂತುಹೋಗಿತ್ತು: ಕ್ಲಾಸುಗಳು ದತ್ತಾಂಶಕ್ಕೆ ಹೊಂದುತ್ತಿಲ್ಲ.

ಜಾಕೊಕೊ ಪ್ರತಿ ಕ್ಲಾಸನ್ನೂ ಗುರುತಿಸುವುದು ಹೆಸರಿನಿಂದಲ್ಲ, ಕ್ಲಾಸ್ ಫೈಲಿನ ಬೈಟ್‌ಗಳಿಂದ ಲೆಕ್ಕ ಹಾಕಿದ 64 ಬಿಟ್‌ಗಳ ಸಂಖ್ಯೆಯಿಂದ. ಅದೇ ಕೋಡನ್ನು ಬೇರೊಂದು ಕಂಪೈಲರ್ ಆವೃತ್ತಿಯಲ್ಲಿ ಕಟ್ಟಿದರೆ ಆ ಸಂಖ್ಯೆಯೇ ಬೇರೆಯಾಗಬಹುದು. ಕಂಟೇನರಿನಲ್ಲಿದ್ದುದು ಬಿಲ್ಡ್ ಸರ್ವರ್ ಕಟ್ಟಿದ ಜಾರ್, ಅಂದರೆ ಕ್ಲಾಸ್ ಫೈಲುಗಳ ಒಂದು ಕಟ್ಟು. ವರದಿ ಕಟ್ಟಲು ದತ್ತಾಂಶದ ಜೊತೆಗೆ ಒದಗಿಸಿದ ಕ್ಲಾಸುಗಳು ಸಹೋದ್ಯೋಗಿಯೊಬ್ಬರ ಲ್ಯಾಪ್‌ಟಾಪಿನಲ್ಲಿ ಕಟ್ಟಿದವು, ಅಲ್ಲಿನ ಜೆಡಿಕೆ (ಕಂಪೈಲರ್ ಸೇರಿದ ಜಾವಾ ಸಲಕರಣೆ) ಆವೃತ್ತಿ ಬೇರೆ. ಓಡುತ್ತಿರುವ ಕಂಟೇನರಿನಿಂದಲೇ ಜಾರನ್ನು ಹೊರತೆಗೆದು ಕೊಟ್ಟೊಡನೆ ವರದಿಯಲ್ಲಿ ಬಣ್ಣಗಳು ಮೂಡಿದವು. ಅಂದಿನಿಂದ ವರದಿಗೆ ಬೇಕಾದ ಕ್ಲಾಸುಗಳನ್ನು ಕಂಟೇನರಿನಿಂದ ಮಾತ್ರ ತೆಗೆಯುತ್ತೇವೆ. ಬೇರೆ ಯಾವ ದಾರಿಯನ್ನೂ ನಾನು ಒಪ್ಪುವುದಿಲ್ಲ.

ಶೇಕಡಾವಾರು ಎಷ್ಟು ಎಂದು ಮೇಲಿನವರು ಕೇಳಿದರು. ಅದನ್ನು ಹೇಳಿದೆನಾದರೂ ನನ್ನ ಕುತೂಹಲವೆಲ್ಲ ವರದಿಯಲ್ಲಿ ಕೆಂಪಾಗಿ ಉಳಿದ, ಅಂದರೆ ಒಮ್ಮೆಯೂ ಓಡದ, ಸಾಲುಗಳ ಮೇಲಿತ್ತು. ಖರೀದಿದಾರರು ಕೊಳೆತ ಮಾಲೆಂದು ಬಾಕ್ಸ್ ವಾಪಸು ಮಾಡಿದಾಗ ಲೆಕ್ಕ ತಿದ್ದುವ ಭಾಗ ಪೂರ್ತಿ ಕೆಂಪು. ಇದು ವಿಚಿತ್ರವೆನಿಸಿತು, ಏಕೆಂದರೆ ಪರೀಕ್ಷೆಗಳ ಪಟ್ಟಿಯಲ್ಲಿ ವಾಪಸು ಬಾಕ್ಸ್‌ಗೆಂದೇ ಒಂದು ಸಾಲಿತ್ತು. ಪ್ರತಿ ಪರೀಕ್ಷೆಗೂ ಮೊದಲು ಏಜೆಂಟನ್ನು ರೀಸೆಟ್ ಮಾಡಿ, ಮುಗಿದೊಡನೆ ದತ್ತಾಂಶ ಪಡೆಯುತ್ತ ಹೋದಾಗ ಕಾರಣ ತಿಳಿಯಿತು. ಪಟ್ಟಿಯ ಪ್ರಕಾರ ಬಾಕ್ಸ್ ವಾಪಸಾಗುವುದು ಬಿಲ್ಲು ಆಗುವ ಮೊದಲು, ಆಗ ಹರಾಜಿನ ಘಟಕವೇ ಸಂಖ್ಯೆ ತಿದ್ದಿಬಿಡುತ್ತದೆ, ಬಿಲ್ಲು ಘಟಕಕ್ಕೆ ಸುದ್ದಿಯೇ ಹೋಗುವುದಿಲ್ಲ. ನಮ್ಮ ಪರಿಚಯದ ಮಂಡಿಯ ಗುಮಾಸ್ತರಿಗೆ ಫೋನ್ ಮಾಡಿದರೆ ಅವರು ನಕ್ಕರು. ಲಾರಿಗೆ ಏರಿಸುವಾಗಲಷ್ಟೇ ಬಾಕ್ಸ್ ಬಿಚ್ಚಿ ನೋಡುತ್ತಾರೆ, ಅಷ್ಟು ಹೊತ್ತಿಗೆ ಬಿಲ್ಲು ಎಂದೋ ಆಗಿರುತ್ತದೆ ಎಂದರು.

ಪರೀಕ್ಷಕಿ ಸಂಜೆಯೇ ಆ ಕ್ರಮದಲ್ಲಿ ಪರೀಕ್ಷೆ ನಡೆಸಿದರು. ಬಾಕ್ಸ್‌ಗಳ ಸಂಖ್ಯೆ ಇಳಿದಿತ್ತು, ಮಾಲಿನ ಮೊತ್ತವೂ ಇಳಿದಿತ್ತು, ಕಮಿಷನ್ ಮಾತ್ರ ಹಳೆಯ ಮೊತ್ತದ ಮೇಲೆಯೇ ನಿಂತಿತ್ತು. ತಿದ್ದುಪಡಿ ಒಂದೆರಡು ಸಾಲಿನದು. ಹೊಸ ಇಮೇಜ್ ಬಂದ ಮೇಲೆ ಅದರಿಂದ ಮತ್ತೆ ಜಾರ್ ಹೊರತೆಗೆದು, ಬಿಲ್ಲು ಘಟಕದ ಪರೀಕ್ಷೆಗಳನ್ನಷ್ಟೂ ಇನ್ನೊಮ್ಮೆ ಓಡಿಸಿದೆವು; ತಿದ್ದಿದ ಕ್ಲಾಸಿಗೆ ಹಿಂದಿನ ದತ್ತಾಂಶ ಹೊಂದುವಂತಿರಲಿಲ್ಲ.