ಲಾಲೊಮಾನು: ಗೋಡೆಯಿಲ್ಲದ ಮನೆ, ಎದುರಿಗೇ ಕಡಲು

ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರ ಸಮೋವಾದ ರಾಜಧಾನಿ ಆಪಿಯಾದಿಂದ ಲಾಲೊಮಾನುಗೆ ಹೋಗುವ ಬಸ್ಸಿಗೆ ಮರದ ಮೈ, ಮರದ ಸೀಟು. ಹಾಡಿನ ಅಬ್ಬರಕ್ಕೆ ಇಂಜಿನ್ ಸದ್ದೇ ಕೇಳಿಸುವುದಿಲ್ಲ. ಸೀಟು ತುಂಬಿದ ಮೇಲೂ ಜನ ಹತ್ತುತ್ತಾರೆ, ಕೂತವರ ತೊಡೆ ಮೇಲೆ ಕೂರುತ್ತಾರೆ. ಯಾರಿಗೂ ಬೇಜಾರಿಲ್ಲ. ನನ್ನ ತೊಡೆ ಮೇಲೆ ಕೂತ ಶಾಲೆ ಹುಡುಗ ಇಳಿಯುವವರೆಗೂ ಕಿಟಕಿಯಾಚೆಯೇ ನೋಡುತ್ತಿದ್ದ.

ಲಾಲೊಮಾನು ಇರುವುದು ಉಪೋಲು ದ್ವೀಪದ ಆಗ್ನೇಯ ತುದಿಯಲ್ಲಿ. ಉಳಿದುಕೊಳ್ಳಲು ಫಾಲೆ ಸಿಗುತ್ತದೆ. ಮರಳಿನ ಮೇಲೆ ಕಂಬ, ಮೇಲೊಂದು ಮಾಡು, ಅಷ್ಟೇ. ಗೋಡೆಯ ಬದಲು ತೆಂಗಿನ ಗರಿಯ ತಟ್ಟಿಗಳು. ಹಗ್ಗ ಎಳೆದರೆ ಮೇಲೆ, ಬಿಟ್ಟರೆ ಕೆಳಗೆ. ಒಳಗೆ ಹಾಸಿಗೆ, ಸೊಳ್ಳೆಪರದೆ.

ಭಾನುವಾರ ಬೆಳಿಗ್ಗೆ ಊರಿಡೀ ಹೊಗೆ. ಅದು ಉಮು, ಅಂದರೆ ಕಾದ ಕಲ್ಲಿನ ಒಲೆ. ಬೆಂಕಿಯಲ್ಲಿ ಕಲ್ಲು ಕಾಯಿಸಿ ಹರಡುತ್ತಾರೆ. ಅದರ ಮೇಲೆ ಹಲಸಿನ ಜಾತಿಯದೇ ಆದ ಜೀಗುಜ್ಜೆ, ಕೆಸುವಿನ ಗೆಡ್ಡೆ, ಮೀನು ಇಟ್ಟು ಎಲೆ ಮುಚ್ಚುತ್ತಾರೆ. ನನಗೆ ಜಾಸ್ತಿ ಹಿಡಿಸಿದ್ದು ಪಲುಸಾಮಿ. ಕೆಸುವಿನ ಎಳೆ ಎಲೆಯನ್ನು ಅಂಗೈಯಲ್ಲಿ ಕುಳಿ ಮಾಡಿ ಹಿಡಿದು, ಗಟ್ಟಿ ಕಾಯಿಹಾಲು, ಈರುಳ್ಳಿ, ಉಪ್ಪು ಹಾಕಿ ಮಡಚುತ್ತಾರೆ. ಪತ್ರೊಡೆ ತಿಂದು ಬೆಳೆದವರಿಗೆ ಕೆಸು ಅಂದ್ರೆ ಬಾಯಿ ತುರಿಸೀತು ಅನ್ನೋ ಭಯ ಇದ್ದೇ ಇರುತ್ತೆ ಅಲ್ವಾ? ಇಲ್ಲಿ ಹುಣಸೆಹುಳಿ ಇಲ್ಲ, ಚೆನ್ನಾಗಿ ಬೇಯುವುದೇ ಮದ್ದು. ನನಗಂತೂ ತುರಿಸಲಿಲ್ಲ. ಊಟ ಮಾತ್ರ ಚರ್ಚ್ ಮುಗಿದ ಮೇಲೆಯೇ, ಎಲ್ಲರೂ ಬಿಳಿ ಬಟ್ಟೆಯಲ್ಲಿ.

2009ರ ಸೆಪ್ಟೆಂಬರ್ 29ರ ಬೆಳಿಗ್ಗೆ, ಏಳು ಗಂಟೆಗೂ ಮುಂಚೆ, ದಕ್ಷಿಣದ ಕಡಲಲ್ಲಿ 8.1 ತೀವ್ರತೆಯ ಭೂಕಂಪವಾಯಿತು. ಕೆಲವೇ ನಿಮಿಷಗಳಲ್ಲಿ ಸುನಾಮಿ. ಸಮೋವಾ ಒಂದರಲ್ಲೇ 140ಕ್ಕೂ ಹೆಚ್ಚು ಜನ ಸತ್ತರು. ಅತಿ ಹೆಚ್ಚು ಏಟು ತಿಂದ ಊರುಗಳಲ್ಲಿ ಲಾಲೊಮಾನುವೂ ಒಂದು. ದಂಡೆಯ ಫಾಲೆಗಳೆಲ್ಲ ಕೊಚ್ಚಿಹೋದವು. ಆಮೇಲೆ ಈ ಕರಾವಳಿಯ ಎಷ್ಟೋ ಕುಟುಂಬಗಳು ಎತ್ತರದ ಜಾಗಕ್ಕೆ ಮನೆ ಬದಲಿಸಿದವು. ಫಾಲೆಗಳು ಮಾತ್ರ ಮತ್ತೆ ಅದೇ ಮರಳಿನ ಮೇಲೆ ಎದ್ದಿವೆ.

"ಇವನ್ನೂ ಮೇಲೇ ಕಟ್ಟಬಹುದಿತ್ತಲ್ಲ?" ಎಂದು ಫಾಲೆ ನೋಡಿಕೊಳ್ಳುವ ಅಮ್ಮನನ್ನು ಕೇಳಿದೆ.

"ಕಟ್ಟಿದರೆ ನೀವು ಬರ್ತೀರಾ?" ಎಂದು ನಕ್ಕರು. ಆಮೇಲೆ ಬೆಟ್ಟ ಹತ್ತುವ ದಾರಿ ಎಲ್ಲಿದೆ ಅಂತ ಕೈ ಮಾಡಿ ತೋರಿಸಿದರು.